ಹಳೆ ವಿದ್ಯಾರ್ಥಿ ಸಂಘ ಹೇಗೆ ನಡೆಯುತ್ತದೆ, ಹೇಗೆ ಸೇರಬೇಕು? ಮಂಗಳೂರು, ಉಡುಪಿಯಲ್ಲಿ ಓದಿದವರಿಗೆ ಸಮಗ್ರ ಮಾರ್ಗದರ್ಶಿ

ಕಾಲೇಜಿನಲ್ಲಿ ಓದಿದ್ದೇವೆ ಅಂದ ಮೇಲೆ ಹಳೆ ವಿದ್ಯಾರ್ಥಿ ಸಂಘದಲ್ಲಿ ಇದ್ದೇ ಇರುತ್ತೇವೆ ಅಂತ ಹೆಚ್ಚಿನವರು ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಸದಸ್ಯರಾಗಬೇಕಾದರೆ ಅರ್ಜಿ ಕೊಡಬೇಕು, ಶುಲ್ಕ ಕಟ್ಟಬೇಕು, ಹೆಸರು ಸದಸ್ಯರ ಪಟ್ಟಿಗೆ ಸೇರಬೇಕು. ಕೆಲವು ಕಾಲೇಜುಗಳು ಕೊನೆಯ ವರ್ಷದ ಫೀಸಿನ ಜೊತೆಗೇ ಸಂಘದ ಶುಲ್ಕವನ್ನೂ ತೆಗೆದುಕೊಳ್ಳುತ್ತವೆ. ನಿಮ್ಮದು ಅಂಥ ಕಾಲೇಜಾಗಿದ್ದರೆ ನಿಮ್ಮ ಹೆಸರು ಈಗಾಗಲೇ ಪಟ್ಟಿಯಲ್ಲಿ ಇರಬಹುದು. ಹಳೆಯ ಫೀಸ್ ರಶೀದಿ ಇದ್ದರೆ ಒಮ್ಮೆ ತೆಗೆದು ನೋಡಿ.

ಇನ್ನೊಂದು ಮಾತು. ಬ್ಯಾಚಿನ ವಾಟ್ಸಾಪ್ ಗ್ರೂಪು ಸಂಘ ಅಲ್ಲ. ಹುಟ್ಟುಹಬ್ಬದ ಶುಭಾಶಯ, ಹಳೆ ಫೋಟೋ, ವರ್ಷಕ್ಕೊಂದು ಊಟ, ಇವೆಲ್ಲ ಒಳ್ಳೆಯದೇ. ಆದರೆ ಗ್ರೂಪಿಗೆ ಬೈಲಾ, ಅಂದರೆ ಬರೆದಿಟ್ಟ ನಿಯಮಾವಳಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ, ಲೆಕ್ಕ ಕೇಳುವ ಹಕ್ಕು ಇಲ್ಲ. ನೋಂದಾಯಿತ ಸಂಘಕ್ಕೆ ಇದೆಲ್ಲ ಇದೆ. ಸಂಘ ಸೇರಿ ಅಂತ ನಾನು ಒತ್ತಿ ಹೇಳುವುದೂ ಅದಕ್ಕೇ. ದಾನ ಕೊಟ್ಟು ಸುಮ್ಮನಾಗುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಭೆಗೆ ಬಂದು ಲೆಕ್ಕ ಓದಿ ಮತ ಹಾಕುವ ಸದಸ್ಯರು ಸಿಗುವುದು ಕಷ್ಟ.

ಮೊದಲು, ನಿಮ್ಮ ಸಂಘ ಯಾವುದು?

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಪ್ರಶ್ನೆ ಅಂದುಕೊಂಡಷ್ಟು ಸುಲಭ ಅಲ್ಲ. ಪದವಿ ಪ್ರಮಾಣಪತ್ರದ ಮೇಲಿರುವ ವಿಶ್ವವಿದ್ಯಾನಿಲಯದ ಹೆಸರೇ ಒಂದು, ನೀವು ಓದಿದ ಜಾಗದ ಈಗಿನ ಹೆಸರೇ ಇನ್ನೊಂದು ಆಗಿರುತ್ತದೆ.

ಮಂಗಳೂರು ವಿಶ್ವವಿದ್ಯಾನಿಲಯ ಶುರುವಾದದ್ದು 1980ರ ಸೆಪ್ಟೆಂಬರ್ 10ರಂದು. ಅದಕ್ಕೂ ಮೊದಲು ಕೊಣಾಜೆಯ ಮಂಗಳಗಂಗೋತ್ರಿ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಹಾಗಾಗಿ 1970ರ ದಶಕದಲ್ಲಿ ಉಡುಪಿಯ ಎಂಜಿಎಂ ಕಾಲೇಜಿನಲ್ಲೋ ಕುಂದಾಪುರದ ಭಂಡಾರ್ಕಾರ್ಸ್‌ನಲ್ಲೋ ಓದಿದವರ ಕೈಯಲ್ಲಿ ಇರುವುದು ಮೈಸೂರಿನ ಪದವಿ. ಆಮೇಲೆ ಬಂದವರದ್ದು ಮಂಗಳೂರಿನದ್ದು. ವೈದ್ಯಕೀಯ ಕಾಲೇಜುಗಳಿಗೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂತು, ಎಂಜಿನಿಯರಿಂಗಿಗೆ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ (ವಿಟಿಯು) ಬಂತು. ಸುರತ್ಕಲ್‌ನಲ್ಲಿ 1960ರಲ್ಲಿ ಕೆಆರ್‌ಇಸಿ ಆಗಿ ಶುರುವಾದ ಕಾಲೇಜು 2002ರಲ್ಲಿ ಎನ್‌ಐಟಿಕೆ ಆಯಿತು. ಮಣಿಪಾಲ 1993ರಲ್ಲೇ ಡೀಮ್ಡ್ ವಿಶ್ವವಿದ್ಯಾನಿಲಯ, ಅಂದರೆ ತಾನೇ ಪದವಿ ಕೊಡುವ ಸಂಸ್ಥೆ ಆಗಿತ್ತು. 1880ರ ಸಂತ ಅಲೋಶಿಯಸ್ ಕಾಲೇಜಿಗೆ ಆ ಸ್ಥಾನ ಸಿಕ್ಕಿದ್ದು 2024ರಲ್ಲಿ.

ಇಷ್ಟೆಲ್ಲ ನೋಡಿ ಗಾಬರಿ ಬೀಳಬೇಡಿ. ದಾರಿ ಸರಳ ಇದೆ. ಪದವಿಯನ್ನು ಒಂದು ಸಂಯೋಜಿತ ಕಾಲೇಜಿನಲ್ಲಿ, ಅಂದರೆ ವಿಶ್ವವಿದ್ಯಾನಿಲಯದ ಪದವಿಗೆ ಪಾಠ ಮಾಡುವ ಕಾಲೇಜಿನಲ್ಲಿ ಓದಿದ್ದರೆ ನಿಮ್ಮ ಸಂಘ ಆ ಕಾಲೇಜಿನದ್ದು. ಪ್ರಮಾಣಪತ್ರದ ಮೇಲೆ ಯಾವ ವಿಶ್ವವಿದ್ಯಾನಿಲಯದ ಮುದ್ರೆ ಇದ್ದರೂ ಪರವಾಗಿಲ್ಲ. ನಿಮ್ಮ ಹಾಜರಿ ಪುಸ್ತಕ, ನಿಮ್ಮ ಮೇಷ್ಟ್ರು, ನಿಮ್ಮ ಬ್ಯಾಚಿನವರು ಇರುವುದು ಅಲ್ಲೇ ಅಲ್ವಾ? ಕೊಣಾಜೆಯಲ್ಲಿ ಎಂಎ, ಎಂಎಸ್ಸಿ, ಎಂಕಾಂ ಅಥವಾ ಪಿಎಚ್‌ಡಿ ಮಾಡಿದವರು ವಿಶ್ವವಿದ್ಯಾನಿಲಯ ಮಟ್ಟದಲ್ಲಿ ವಿಚಾರಿಸಬೇಕು. ಜೊತೆಗೆ ನಿಮ್ಮ ವಿಭಾಗಕ್ಕೇ ಬೇರೆ ಬಳಗ ಇದೆಯಾ ಅಂತಲೂ ಕೇಳಿ. ಎಷ್ಟೋ ಸಲ ವಿಭಾಗದ ಬಳಗದಲ್ಲೇ ಜಾಸ್ತಿ ಕೆಲಸ ನಡೆಯುತ್ತಿರುತ್ತದೆ. ಡೀಮ್ಡ್ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಇದಕ್ಕೇ ಒಂದು ಕಚೇರಿ, ಸಂಬಳದ ಸಿಬ್ಬಂದಿ, ಆನ್‌ಲೈನ್ ಫಾರಂ ಎಲ್ಲ ಇರುತ್ತದೆ. ಅಲ್ಲಿ ಓದಿದವರಿಗೆ ಮುಂದಿನ ಹೆಜ್ಜೆಗಳಲ್ಲಿ ಅರ್ಧ ಮೊಬೈಲಿನಲ್ಲೇ ಮುಗಿಯುತ್ತದೆ.

ಎರಡು ಕಡೆ ಓದಿದ್ದರೆ ಎರಡೂ ಕಡೆ ಸದಸ್ಯರಾಗಬಹುದು, ಅಡ್ಡಿ ಇಲ್ಲ. ಆದರೆ ಸಮಯ ಕೊಡುವುದು ಒಂದಕ್ಕೇ ಇರಲಿ. ನನ್ನನ್ನು ಕೇಳಿದರೆ ಸಣ್ಣ ಕಾಲೇಜನ್ನೇ ಆರಿಸಿ ಅನ್ನುತ್ತೇನೆ. ದೊಡ್ಡ ಸಂಸ್ಥೆಗಳಿಗೆ ಜನ ಇದ್ದಾರೆ. ಕಾರ್ಕಳ, ಬೈಂದೂರು, ಸುಳ್ಯ, ಬೆಳ್ತಂಗಡಿ ಕಡೆಯ ಕಾಲೇಜುಗಳಲ್ಲಿ ಒಬ್ಬ ಹಳೆ ವಿದ್ಯಾರ್ಥಿ ಬಂದು ನಿಂತರೂ ಅದು ಕಣ್ಣಿಗೆ ಕಾಣುತ್ತದೆ.

ಸಂಘದ ಒಳಗೆ ಏನಿರುತ್ತದೆ

ಕರ್ನಾಟಕದಲ್ಲಿ ಹೆಚ್ಚಿನ ಹಳೆ ವಿದ್ಯಾರ್ಥಿ ಸಂಘಗಳು ನೋಂದಣಿ ಆಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ. ಕಡಿಮೆ ಅಂದರೆ ಏಳು ಜನ ಸೇರಿ ಉದ್ದೇಶ ಪತ್ರ ಮತ್ತು ಬೈಲಾ ಬರೆದು ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ ಕೊಡುತ್ತಾರೆ. ಒಪ್ಪಿಗೆ ಆದರೆ ನೋಂದಣಿ ಸಂಖ್ಯೆ ಸಿಗುತ್ತದೆ. ಸಂಘದ ಲೆಟರ್‌ಹೆಡ್ ಮೇಲೆ ಆ ಸಂಖ್ಯೆ ಇದೆಯಾ ಅಂತ ನೋಡುವುದು ಒಳ್ಳೆಯ ಅಭ್ಯಾಸ.

ಎಲ್ಲಕ್ಕಿಂತ ದೊಡ್ಡದು ಸರ್ವ ಸದಸ್ಯರ ಮಹಾಸಭೆ. ವರ್ಷಕ್ಕೊಮ್ಮೆ ಅದು ನಡೆಯಬೇಕು. ಹಿಂದಿನ ವರ್ಷದ ವರದಿ, ಲೆಕ್ಕಪರಿಶೋಧಕರು ನೋಡಿ ಸಹಿ ಹಾಕಿದ ಖರ್ಚುವೆಚ್ಚ, ಮುಂದಿನ ಬಜೆಟ್ಟು, ಅವಧಿ ಮುಗಿದಿದ್ದರೆ ಚುನಾವಣೆ, ಎಲ್ಲ ಅಲ್ಲೇ. ಸಭೆ ಮುಗಿದ ಹದಿನಾಲ್ಕು ದಿನದ ಒಳಗೆ ಹೊಸ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿ ಸೇರಬೇಕು. ಇದನ್ನು ವರ್ಷಗಟ್ಟಲೆ ಬಾಕಿ ಇಟ್ಟುಕೊಂಡ ಸಂಘಗಳು ಇವೆ. ಬ್ಯಾಂಕಿನಲ್ಲಿ ಸಹಿ ಬದಲಿಸಲು ಹೋದಾಗ ತೊಂದರೆ ಶುರುವಾಗುತ್ತದೆ.

ದಿನನಿತ್ಯದ ಕೆಲಸ ಕಾರ್ಯಕಾರಿ ಸಮಿತಿಯದ್ದು. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಕೋಶಾಧಿಕಾರಿ ಇರುತ್ತಾರೆ. ಪ್ರಾಂಶುಪಾಲರು ಹುದ್ದೆಯ ಕಾರಣಕ್ಕೆ ಗೌರವಾಧ್ಯಕ್ಷರು. ಕಾಲೇಜಿನ ಒಬ್ಬ ಉಪನ್ಯಾಸಕರು ಸಂಯೋಜಕರು. ನಿಜ ಹೇಳಬೇಕೆಂದರೆ ಸಂಘ ಬದುಕಿರುವುದು ಈ ಸಂಯೋಜಕರು ಮತ್ತು ಕೋಶಾಧಿಕಾರಿ ಮೇಲೆ. ಅಧ್ಯಕ್ಷರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ದೊಡ್ಡದಾಗಿ ಇರುತ್ತದೆ. ರಶೀದಿ ಬರೆದು, ಬ್ಯಾಂಕಿಗೆ ಓಡಾಡಿ, ಫೋನ್ ಎತ್ತುವವರು ಇವರು.

ಕಾಲೇಜಿಗೆ ಸಂಘ ಯಾಕೆ ಬೇಕು? ಪ್ರೀತಿಯ ಜೊತೆಗೆ ಒಂದು ಲೆಕ್ಕವೂ ಇದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆ ತನ್ನ ಐದನೇ ಮಾನದಂಡದಲ್ಲಿ ನೋಂದಾಯಿತ ಹಳೆ ವಿದ್ಯಾರ್ಥಿ ಸಂಘ ಇದೆಯಾ, ಅದು ಹಣದಿಂದಲೋ ಬೇರೆ ರೀತಿಯಲ್ಲೋ ಕಾಲೇಜಿಗೆ ನೆರವಾಗಿದೆಯಾ ಅಂತ ಕೇಳುತ್ತದೆ. ಹಾಗಾಗಿ ನ್ಯಾಕ್ ತಂಡ ಬರುವ ವರ್ಷ ಸಂಘಕ್ಕೆ ಜೀವ ಬರುವುದು ಸಾಮಾನ್ಯ. ಮಧ್ಯದ ವರ್ಷಗಳಲ್ಲೂ ಸಭೆ ನಡೆದಿದೆಯಾ ಅಂತ ನೀವು ಕೇಳಬೇಕು. ಅದರಿಂದಲೇ ಸಂಘದ ಆರೋಗ್ಯ ಗೊತ್ತಾಗುತ್ತದೆ.

ಹಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಜೀವ ಸದಸ್ಯತ್ವದ ಶುಲ್ಕವನ್ನು ಒಳ್ಳೆಯ ಸಂಘಗಳು ಖರ್ಚು ಮಾಡುವುದಿಲ್ಲ. ಅದನ್ನು ಮೂಲಧನವಾಗಿ ಎಫ್‌ಡಿ ಇಟ್ಟು ಬಡ್ಡಿಯಲ್ಲಿ ಕೆಲಸ ಮಾಡುತ್ತವೆ. ದತ್ತಿನಿಧಿ ಬಹುಮಾನಗಳೂ ಹಾಗೇ. ಇಲ್ಲೊಂದು ಸಮಸ್ಯೆ ಇದೆ. 1995ರ ಹೊತ್ತಿಗೆ ಯಾರೋ ಅಪ್ಪನ ಹೆಸರಿನಲ್ಲಿ 10,000 ರೂಪಾಯಿ ದತ್ತಿ ಇಟ್ಟರು ಅಂತ ಇಟ್ಟುಕೊಳ್ಳಿ. ಆಗ ಶೇಕಡಾ 12 ಬಡ್ಡಿ ಸಿಕ್ಕಿದರೆ ವರ್ಷಕ್ಕೆ 1,200 ರೂಪಾಯಿ. ಒಬ್ಬ ವಿದ್ಯಾರ್ಥಿಯ ಫೀಸಿನ ದೊಡ್ಡ ಪಾಲು ಅದರಲ್ಲಿ ಮುಗಿಯುತ್ತಿತ್ತು. ಈಗ ಶೇಕಡಾ 7 ಹಿಡಿದರೆ ಸಿಗುವುದು 700 ರೂಪಾಯಿ. ವೇದಿಕೆಗೆ ಕರೆದು, ದಾನಿಯ ಹೆಸರು ಓದಿ, ಮಗುವಿನ ಕೈಗೆ ಕೊಡುವ ಲಕೋಟೆಯಲ್ಲಿ 700 ರೂಪಾಯಿ. ಆ ದಾನಿಯ ಮನೆಯವರಿಗೆ ಹೇಳಿದರೆ ಹೆಚ್ಚಿನವರು ಮೂಲಧನ ಏರಿಸಲು ಒಪ್ಪುತ್ತಾರೆ. ಯಾರಾದರೂ ಹೋಗಿ ಹೇಳಬೇಕು, ಅಷ್ಟೇ. ಹೊಸದಾಗಿ ದತ್ತಿ ಇಡುವವರು ಬಡ್ಡಿಯ ಒಂದು ಪಾಲನ್ನು ಪ್ರತಿ ವರ್ಷ ಮೂಲಧನಕ್ಕೇ ಸೇರಿಸಬೇಕು ಅಂತ ಮೊದಲೇ ಪತ್ರದಲ್ಲಿ ಬರೆಸಿಕೊಳ್ಳಿ.

ಹೆಜ್ಜೆ 1: ಕಾಗದಪತ್ರ ಹುಡುಕಿ

ಕೊನೆಯ ವರ್ಷದ ಅಂಕಪಟ್ಟಿ ಅಥವಾ ಪದವಿ ಪ್ರಮಾಣಪತ್ರದ ಜೆರಾಕ್ಸ್, ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ಈಗಿನ ವಿಳಾಸ, ಫೋನ್, ಇಮೇಲ್. ಇಷ್ಟು ಸಾಕು. ರಿಜಿಸ್ಟರ್ ನಂಬರು ಮತ್ತು ಪಾಸಾದ ವರ್ಷವನ್ನು ಸರಿಯಾಗಿ ಬರೆಯಿರಿ. ನಮ್ಮ ಕಡೆ ಒಂದೇ ಬ್ಯಾಚಿನಲ್ಲಿ ಒಂದೇ ಹೆಸರಿನ ಮೂವರು ಶೆಟ್ಟರು, ಇಬ್ಬರು ಡಿಸೋಜರು ಇರುವುದು ಮಾಮೂಲು. ಹೆಸರಿನಿಂದ ಹುಡುಕಿದರೆ ಕಚೇರಿಯವರಿಗೂ ಗೊಂದಲ.

ಮದುವೆ ಆದ ಮೇಲೆ ಹೆಸರು ಬದಲಾಗಿದ್ದರೆ ಅಂಕಪಟ್ಟಿಯಲ್ಲಿರುವ ಹೆಸರನ್ನು ಮೊದಲು ಬರೆದು, ಈಗಿನ ಹೆಸರನ್ನು ಪಕ್ಕದಲ್ಲಿ ಬರೆಯಿರಿ. ಸದಸ್ಯರ ಪಟ್ಟಿಯಲ್ಲಿ ಎರಡೂ ಇರಬೇಕು ಅಂತ ಕೇಳಿ. ಹಳೆ ಗೆಳತಿಯರು ನಿಮ್ಮನ್ನು ಹುಡುಕುವುದು ಹಳೆ ಹೆಸರಿನಿಂದಲೇ.

ಆಧಾರ್ ಪ್ರತಿ ಕೊಡುವ ಅಗತ್ಯ ಇಲ್ಲ. ತೆರಿಗೆ ವಿನಾಯಿತಿ ಬೇಕಾದ ದಾನ ಕೊಡುವಾಗ ಮಾತ್ರ ಪ್ಯಾನ್ ಸಂಖ್ಯೆ ಕೇಳುತ್ತಾರೆ, ಅದು ಸರಿ. ಸುಮ್ನೆ ಸದಸ್ಯತ್ವಕ್ಕೆ ಆಧಾರ್, ಪ್ಯಾನ್ ಎರಡನ್ನೂ ಕೇಳಿದರೆ ಯಾಕೆ ಅಂತ ವಿಚಾರಿಸಿ.

ಹೆಜ್ಜೆ 2: ಸಂಪರ್ಕ ಮಾಡಿ

ಕಾಲೇಜಿನ ಜಾಲತಾಣದಲ್ಲಿ ಫಾರಂ ಇದ್ದರೆ ಇಳಿಸಿಕೊಳ್ಳಿ. ಆದರೂ ಒಮ್ಮೆ ಕಚೇರಿಗೆ ಫೋನ್ ಮಾಡಿ ಹಳೆ ವಿದ್ಯಾರ್ಥಿ ಸಂಘದ ಸಂಯೋಜಕರು ಯಾರು ಅಂತ ಕೇಳಿಕೊಳ್ಳಿ. ಜಾಲತಾಣದಲ್ಲಿ ನಿವೃತ್ತರಾದವರ ನಂಬರೇ ಉಳಿದಿರುವುದು ಉಂಟು. ದಾಖಲಾತಿ ನಡೆಯುವ ಮತ್ತು ಪರೀಕ್ಷೆಯ ದಿನಗಳಲ್ಲಿ ಕಚೇರಿಯವರಿಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಆ ದಿನ ಬಿಟ್ಟು ಮಾಡಿ.

ಊರಿನಲ್ಲೇ ಇದ್ದರೆ ನೇರವಾಗಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಕೊಣಾಜೆಗಾದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟು, ದೇರಳಕಟ್ಟೆ ದಾರಿಯಾಗಿ ಬಸ್ಸು ಇದೆ. ಮೊದಲು ನಿಮ್ಮ ವಿಭಾಗಕ್ಕೆ ಹೋಗಿ, ಯಾವ ವರ್ಷದವರು ಅಂತ ಹೇಳಿ. ವಿಭಾಗದಲ್ಲಿ ಹೆಸರು, ಬ್ಯಾಚು ಖಚಿತ ಆದರೆ ಮುಂದಿನ ಕೆಲಸ ಬೇಗ ಆಗುತ್ತದೆ.

ಹೆಜ್ಜೆ 3: ಬೈಲಾ ಓದಿ, ಸದಸ್ಯತ್ವ ಆರಿಸಿ

ಈ ಹೆಜ್ಜೆಯನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಬೈಲಾ ಅಂದರೆ ಹತ್ತು ಹನ್ನೆರಡು ಪುಟ ಅಷ್ಟೇ. ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ ನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯಬಹುದು.

ಸದಸ್ಯತ್ವದಲ್ಲಿ ಸಾಮಾನ್ಯವಾಗಿ ಎರಡು ಮೂರು ಬಗೆ ಇರುತ್ತದೆ. ವರ್ಷ ವರ್ಷ ಚಂದಾ ಕಟ್ಟುವ ಸಾಮಾನ್ಯ ಸದಸ್ಯರು, ಒಂದೇ ಸಲ ಕಟ್ಟಿ ಮುಗಿಸುವ ಆಜೀವ ಸದಸ್ಯರು, ಹೆಚ್ಚು ದಾನ ಕೊಟ್ಟ ಪೋಷಕ ಸದಸ್ಯರು. ಗೌರವ ಸದಸ್ಯರು ಅಂತಲೂ ಇರುತ್ತಾರೆ, ಅವರಿಗೆ ಹೆಚ್ಚಾಗಿ ಮತ ಇಲ್ಲ. ನೀವು ನೋಡಬೇಕಾದದ್ದು ಒಂದೇ: ಯಾವ ಬಗೆಗೆ ಮತ ಇದೆ, ಚುನಾವಣೆಗೆ ನಿಲ್ಲಲು ಎಷ್ಟು ವರ್ಷ ಸದಸ್ಯರಾಗಿರಬೇಕು? ಚಂದಾ ಬಾಕಿ ಇದ್ದರೆ ಮತ ಹೋಗುತ್ತದೆ. ಹಾಗಾಗಿ ದೂರದಲ್ಲಿ ಇರುವವರಿಗೆ ಆಜೀವ ಸದಸ್ಯತ್ವವೇ ಅನುಕೂಲ.

ಓದು ಅರ್ಧಕ್ಕೆ ಬಿಟ್ಟವರು, ಅದೇ ಆವರಣದಲ್ಲಿ ಪಿಯುಸಿ ಮಾತ್ರ ಓದಿದವರು ಸೇರಬಹುದಾ? ಬೈಲಾ ಏನು ಹೇಳುತ್ತದೋ ಹಾಗೆ. ಒಂದು ವರ್ಷ ಓದಿದ್ದರೂ ಸಾಕು ಅನ್ನುವ ಸಂಘಗಳಿವೆ. ಮನೆಯ ಕಷ್ಟಕ್ಕೆ ಓದು ನಿಲ್ಲಿಸಿ ಮುಂಬೈ ಹೋಟೆಲಿಗೆ ಹೋದವರು ಇವತ್ತು ತಮ್ಮ ಕಾಲೇಜಿನ ಬಡ ಮಕ್ಕಳ ಫೀಸು ಕಟ್ಟುವುದನ್ನು ಈ ಊರು ನೋಡಿದೆ. ಅಂಥವರನ್ನು ಹೊರಗೆ ಇಡುವ ಬೈಲಾ ಇದ್ದರೆ ತಿದ್ದಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 4: ಶುಲ್ಕ ಕಟ್ಟಿ, ರಶೀದಿ ಪಡೆಯಿರಿ

ಹಣ ಹೋಗಬೇಕಾದದ್ದು ಸಂಘದ ಹೆಸರಿನ ಖಾತೆಗೆ. ಯುಪಿಐ ಕೋಡ್ ಸ್ಕ್ಯಾನ್ ಮಾಡಿದಾಗ ಒಬ್ಬ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ, ಖಾತೆ ಸಂಖ್ಯೆ ಕೇಳಿ. ಕೇಳಿದರೆ ಯಾರಿಗೂ ಬೇಜಾರಾಗಬಾರದು. ಬೇಜಾರಾದರೆ ಅದು ಅವರ ಸಂಘ ಇನ್ನೂ ಗಟ್ಟಿಯಾಗಿಲ್ಲ ಅನ್ನುವುದರ ಗುರುತು.

ರಶೀದಿಯಲ್ಲಿ ಕ್ರಮ ಸಂಖ್ಯೆ, ದಿನಾಂಕ, ನೋಂದಣಿ ಸಂಖ್ಯೆ, ಯಾವ ಬಾಬ್ತು ಅನ್ನುವ ವಿವರ ಇರಬೇಕು. "ಆಜೀವ ಸದಸ್ಯತ್ವ ಶುಲ್ಕ" ಮತ್ತು "ದೇಣಿಗೆ" ಬೇರೆ ಬೇರೆ. ಎರಡನ್ನೂ ಒಂದೇ ಸಲ ಕಟ್ಟಿದ್ದರೆ ಎರಡು ರಶೀದಿ ಕೇಳಿ. ಅರ್ಜಿ ಸಮಿತಿಯ ಮುಂದಿನ ಸಭೆಯಲ್ಲಿ ಒಪ್ಪಿಗೆ ಆದ ಮೇಲೆ ಸದಸ್ಯತ್ವ ಸಂಖ್ಯೆ ಬರುತ್ತದೆ. ಅದು ಬಂದಾಗಲೇ ನೀವು ಸದಸ್ಯರು. ಎರಡು ತಿಂಗಳಾದರೂ ಬಾರದಿದ್ದರೆ ಸಂಯೋಜಕರಿಗೆ ನೆನಪು ಮಾಡಿ.

ಎಲ್ಲರೂ 80ಜಿ ಅಂತ ಕರೆಯುವ ತೆರಿಗೆ ವಿನಾಯಿತಿ ಸಿಗುವುದು ದೇಣಿಗೆಗೆ, ಅದೂ ಸಂಘಕ್ಕೆ ಆ ಅನುಮತಿ ಇದ್ದರೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಗಲ್ಫ್, ಅಮೆರಿಕ, ಲಂಡನ್‌ನಲ್ಲಿ ಇರುವವರು ಇದನ್ನು ಓದಲೇಬೇಕು

ಕರಾವಳಿಯ ಯಾವ ಹಳೆ ವಿದ್ಯಾರ್ಥಿ ಸಂಘಕ್ಕೂ ದುಬೈ, ಮಸ್ಕತ್, ಕುವೈತ್, ದೋಹಾದ ಸದಸ್ಯರು ಬೇಕೇ ಬೇಕು. ಹಣದ ವಿಷಯದಲ್ಲಿ ಒಂದು ಕಾನೂನು ಮಾತ್ರ ಸರಿಯಾಗಿ ಗೊತ್ತಿರಲಿ.

ನಿಮ್ಮ ಕೈಯಲ್ಲಿ ಇರುವುದು ಭಾರತದ ಪಾಸ್‌ಪೋರ್ಟಾ? ಹಾಗಿದ್ದರೆ ನೀವು ಎಲ್ಲೇ ಇದ್ದರೂ ನಿಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ದೇಣಿಗೆ ವಿದೇಶಿ ವಂತಿಗೆ ಅನಿಸಿಕೊಳ್ಳುವುದಿಲ್ಲ. ಗಲ್ಫಿನಲ್ಲಿ ಇರುವ ನಮ್ಮವರು ಹೆಚ್ಚಾಗಿ ಈ ಗುಂಪಿಗೇ ಸೇರುತ್ತಾರೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾದ ಪೌರತ್ವ ತೆಗೆದುಕೊಂಡಿದ್ದರೆ ಕಥೆ ಬೇರೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಕಾನೂನಿನ ಕಣ್ಣಿಗೆ ನೀವು ವಿದೇಶಿ ಪ್ರಜೆ. ನಿಮ್ಮ ದೇಣಿಗೆ ತೆಗೆದುಕೊಳ್ಳಬೇಕಾದರೆ ಸಂಘಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ.

ಸಣ್ಣ ಸಂಘಗಳಿಗೆ ಈ ನೋಂದಣಿ ಇರುವುದು ಅಪರೂಪ. "ತಮ್ಮನ ಖಾತೆಗೆ ಹಾಕಿ, ಅವನು ಕೊಡಲಿ" ಅನ್ನುವ ದಾರಿ ಹಿಡಿಯಬೇಡಿ. ತೊಂದರೆ ಬರುವುದು ಕಾಲೇಜಿಗೆ. ಬೇರೆ ದೇಶದ ಪೌರತ್ವ ಪಡೆದವರು ದಾನಕ್ಕಿಂತ ಸಮಯ ಕೊಡಿ. ಆನ್‌ಲೈನ್ ತರಗತಿ, ಮಕ್ಕಳ ಬಯೋಡಾಟಾ ತಿದ್ದುವುದು, ವಿದೇಶದಲ್ಲಿ ಎಂಎಸ್ ಮಾಡುವವರಿಗೆ ದಾರಿ ಹೇಳುವುದು. ಇದಕ್ಕೆ ಯಾವ ಅನುಮತಿಯೂ ಬೇಡ.

ಮಹಾಸಭೆಯ ದಿನ ಗೊತ್ತುಮಾಡುವ ಮೊದಲು ಪರವೂರಿನವರ ರಜೆ ಕೇಳಿ ಅಂತ ಸಮಿತಿಗೆ ಹೇಳಿ. ಗಲ್ಫಿನವರು ಊರಿಗೆ ಬರುವುದು ಶಾಲಾ ರಜೆಯ ಜುಲೈ, ಆಗಸ್ಟ್‌ನಲ್ಲಿ ಅಥವಾ ಡಿಸೆಂಬರ್ ಕೊನೆಗೆ. ಮಳೆಗಾಲದಲ್ಲಿ ಘಟ್ಟ ಇಳಿದು ಬರುವವರಿಗೆ ಕಷ್ಟ. ಡಿಸೆಂಬರ್ ಕೊನೆಯ ವಾರವೇ ಎಲ್ಲರಿಗೂ ಹೊಂದುತ್ತದೆ.

ಹೆಜ್ಜೆ 5: ಮೊದಲ ಮಹಾಸಭೆಗೆ ಹೋಗಿ

ಗೋಳಿಬಜೆ, ಚಹಾ, ತುಳುವಿನಲ್ಲಿ ಹಳೆಯ ತಮಾಷೆಗಳು, ಮೇಷ್ಟ್ರ ಕಾಲು ಮುಟ್ಟುವುದು, ಎಲ್ಲ ಆಗಲಿ. ಲೆಕ್ಕದ ಹಾಳೆ ಹಂಚಿದಾಗ ಮಾತ್ರ ಅದನ್ನು ಮಡಚಿ ಜೇಬಿಗೆ ಹಾಕಬೇಡಿ. ಮೂರು ಸಾಲು ನೋಡಿ. ಎಫ್‌ಡಿ ಮೊತ್ತ ಹೋದ ವರ್ಷಕ್ಕಿಂತ ಕಡಿಮೆ ಆಗಿದೆಯಾ? ವಿದ್ಯಾರ್ಥಿಗಳಿಗೆ ಹೋದದ್ದು ಎಷ್ಟು, ಸಮಾರಂಭಕ್ಕೆ ಹೋದದ್ದು ಎಷ್ಟು? ಬರಬೇಕಾದ ಬಾಕಿ ಅಂತ ಒಂದೇ ಮೊತ್ತ ವರ್ಷದಿಂದ ವರ್ಷಕ್ಕೆ ಹಾಗೇ ಉಳಿದಿದೆಯಾ? ಅರ್ಥ ಆಗದಿದ್ದರೆ ಎದ್ದು ಕೇಳಿ. "ಸರ್, ಈ ಸಾಲು ಸ್ವಲ್ಪ ಹೇಳಿ" ಅಂದರೆ ಸಾಕು. ಪ್ರಾಮಾಣಿಕ ಕೋಶಾಧಿಕಾರಿಗೆ ಅಂಥ ಪ್ರಶ್ನೆ ಬಂದರೆ ಖುಷಿಯೇ ಆಗುತ್ತದೆ. ತಾನು ಬರೆದ ಲೆಕ್ಕವನ್ನು ಯಾರೋ ಓದಿದರಲ್ಲ ಅಂತ.

ಎರಡನೆಯದು, ಸಮಿತಿಯ ಮುಖಗಳನ್ನು ನೋಡಿ. ತರಗತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು ಇರುವ ಕಾಲೇಜಿನ ಸಂಘದಲ್ಲೂ ಸಮಿತಿ ತುಂಬ ಗಂಡಸರೇ ಇರುವುದು ಇನ್ನೂ ನಡೆದಿದೆ. 1921ರಿಂದ ಹೆಣ್ಣುಮಕ್ಕಳ ಕಾಲೇಜು ನಡೆಸಿಕೊಂಡು ಬಂದ ಮಂಗಳೂರಿಗೆ ಇದು ಒಪ್ಪುವ ಮಾತಲ್ಲ. ಹೆಸರು ಸೂಚಿಸುವ ಹಕ್ಕು ನಿಮಗಿದೆ. ಮೊದಲೇ ಅವರನ್ನು ಕೇಳಿ, ಒಪ್ಪಿಸಿ, ಸೂಚಿಸಿ.

ಸಮಿತಿಗೆ ಹೋಗುವ ಮನಸ್ಸು ಇಲ್ಲವೇ? ಆದರೂ ಕೆಲಸ ಇದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿಗೆ ಬ್ಯಾಂಕ್ ಪರೀಕ್ಷೆ ಅಂದರೇನು, ಸಿಎ ಓದುವವರ ತರಬೇತಿಯಾದ ಆರ್ಟಿಕಲ್‌ಶಿಪ್ ಎಲ್ಲಿ ಸಿಗುತ್ತದೆ, ಬೆಂಗಳೂರಲ್ಲಿ ಮೊದಲ ತಿಂಗಳು ಎಲ್ಲಿ ಉಳಿಯುವುದು ಅಂತ ಹೇಳುವವರೇ ಇಲ್ಲ. ಒಂದು ಶನಿವಾರ ಮಧ್ಯಾಹ್ನ ಹತ್ತು ಮಕ್ಕಳ ಜೊತೆ ಕೂತು ಮಾತಾಡಿ. ಭಾಷಣ ಬೇಡ. ನಿಮ್ಮ ಮೊದಲ ಸಂಬಳ ಎಷ್ಟು, ಇಂಟರ್‌ವ್ಯೂನಲ್ಲಿ ಏನು ಕೇಳಿದರು ಅಂತ ಹೇಳಿ. ಆಮೇಲೆ ಫೋನ್ ಬಂದರೆ ಎತ್ತಿ.

ಸಂಘವೇ ಮಲಗಿದ್ದರೆ?

ಫೋನ್ ಮಾಡಿದಿರಿ, "ಸಂಘ ಇತ್ತು, ಈಗ ನಡೆಯುತ್ತಿಲ್ಲ" ಅಂದರು. ಹೊಸದಾಗಿ ಕಟ್ಟಲು ಹೊರಡಬೇಡಿ. ಹಳೆಯದರ ನೋಂದಣಿ ಸಂಖ್ಯೆ ಹುಡುಕಿ. ಕಾಲೇಜಿನ ಹಳೆಯ ಸ್ಮರಣ ಸಂಚಿಕೆ, ಬ್ಯಾಂಕ್ ಪಾಸ್‌ಬುಕ್, ಹಳೆ ರಶೀದಿ ಪುಸ್ತಕದಲ್ಲಿ ಅದು ಸಿಗುತ್ತದೆ. ಆ ಖಾತೆಯಲ್ಲಿ ದತ್ತಿನಿಧಿಗಳ ಹಣ ಮಲಗಿರಬಹುದು. ಹೊಸ ಸಂಘ ಮಾಡಿದರೆ ಅದನ್ನು ತರುವುದು ಬಹಳ ಕಷ್ಟ.

ಮಂಗಳೂರು ಅಥವಾ ಉಡುಪಿಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಸಂಖ್ಯೆ ತೆಗೆದುಕೊಂಡು ಹೋಗಿ. ಕೊನೆಯ ಸಲ ಯಾವ ವರ್ಷದ ಪಟ್ಟಿ, ಲೆಕ್ಕ ಸಲ್ಲಿಸಿದ್ದಾರೆ ಅಂತ ಕೇಳಿ. ಬಾಕಿ ವರ್ಷಗಳ ಲೆಕ್ಕವನ್ನು ಲೆಕ್ಕಪರಿಶೋಧಕರಿಂದ ಮಾಡಿಸಿ, ದಂಡ ಇದ್ದರೆ ಕಟ್ಟಿ ಸರಿಪಡಿಸಬಹುದು. ಹಳೆಯ ಪದಾಧಿಕಾರಿಗಳನ್ನು ಮೊದಲು ಮನೆಗೆ ಹೋಗಿ ಮಾತಾಡಿಸಿ. ಬಹಳ ಸಲ ಅವರು ವಯಸ್ಸಾಗಿ ಸುಸ್ತಾಗಿರುತ್ತಾರೆ, ಯಾರಾದರೂ ಬಂದು ಪುಸ್ತಕ ತೆಗೆದುಕೊಂಡು ಹೋಗಲಿ ಅಂತ ಕಾಯುತ್ತಿರುತ್ತಾರೆ. ಯಾರೂ ಒಪ್ಪದೆ ಲೆಕ್ಕವೂ ಸಿಗದಿದ್ದರೆ ಸದಸ್ಯರಲ್ಲಿ ಮೂರನೇ ಒಂದು ಪಾಲು ಜನ ಸಹಿ ಹಾಕಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು ಅಂತ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಆ ಹಂತಕ್ಕೆ ಹೋಗುವ ಮೊದಲು ಪ್ರಾಂಶುಪಾಲರ ಕೋಣೆಯಲ್ಲಿ ಎಲ್ಲರನ್ನೂ ಒಮ್ಮೆ ಕೂರಿಸಿ ನೋಡಿ. ಪಾಸ್‌ಬುಕ್, ರಶೀದಿ ಪುಸ್ತಕ, ಸದಸ್ಯರ ಪಟ್ಟಿ, ನಡಾವಳಿ ಪುಸ್ತಕ, ಈ ನಾಲ್ಕನ್ನು ಅವತ್ತೇ ಪಟ್ಟಿ ಮಾಡಿ, ಕೊಟ್ಟವರು ಮತ್ತು ಪಡೆದವರ ಸಹಿ ಹಾಕಿಸಿಕೊಳ್ಳಿ.